ಗೂಲ್ಡ್‌ಗೆ ಮನೆ ಕೊಟ್ಟಿದ್ದೇ ತಪ್ಪಾಯ್ತು

ಪದಕ ಗೆದ್ದವರಿಗೆ ಸೈಟು ಕೊಡೋದು ನಮ್ಮ ಕಡೆ ಮಾಮೂಲು. ಕೊಡದಿದ್ದರೆ ಪೇಪರಿನವರು ಸುಮ್ನೆ ಬಿಡುವುದಿಲ್ಲ. ನಾನೀಗ ಇರುವ ವೇಲ್ಸ್‌ನಲ್ಲಿ, ಊರವರು ಒಬ್ಬ ಆಟಗಾರನಿಗೆ ಮನೆ ಕೊಟ್ಟರು ಅಂತ ದೇಶದೇಶಗಳ ನಡುವೆಯೇ ಆಟ ನಿಂತುಹೋಗಿತ್ತು.

ಅವನು ನ್ಯೂಪೋರ್ಟಿನ ಆರ್ಥರ್ ಗೂಲ್ಡ್. ಚಿಕ್ಕಂದಿನಲ್ಲಿ ಮರ ಹತ್ತುವ ಚಟವಿತ್ತಂತೆ, ಹಾಗಾಗಿ ‘ಮಂಕಿ’ ಅಂತ ಅಡ್ಡಹೆಸರು. 1885ರಿಂದ 1897ರವರೆಗೆ ವೇಲ್ಸ್ ಪರ 27 ರಗ್ಬಿ ಪಂದ್ಯ ಆಡಿದ. ಅದರಲ್ಲಿ 18 ಪಂದ್ಯಕ್ಕೆ ಅವನೇ ಕ್ಯಾಪ್ಟನ್. ಸಂಬಳ ಮಾತ್ರ ಸೊನ್ನೆ, ಆಗ ರಗ್ಬಿ ಆಡೋದಕ್ಕೆ ಕಾಸು ಪಡೆಯುವಂತಿರಲಿಲ್ಲ. ಹೊಟ್ಟೆಪಾಡಿಗೆ ಕಾಮಗಾರಿ ಕಂಟ್ರಾಕ್ಟಿನ ಕೆಲಸ.

1893ರಲ್ಲಿ ಇಂಗ್ಲೆಂಡ್ ಕಾರ್ಡಿಫ್‌ಗೆ ಬಂದಾಗ ಮೈದಾನ ಹೆಪ್ಪುಗಟ್ಟಿ ಕಲ್ಲಾಗಿತ್ತು. ರಾತ್ರಿಯಿಡೀ ಮೈದಾನದ ತುಂಬ ಕಲ್ಲಿದ್ದಲಿನ ಅಗ್ಗಿಷ್ಟಿಕೆ ಉರಿಸಿ ನೆಲ ಮೆತ್ತಗೆ ಮಾಡಿದರು. ಮೊದಲು ಹಿಂದೆ ಬಿದ್ದಿದ್ದ ವೇಲ್ಸ್ ಕೊನೆಗೆ 12-11ರಲ್ಲಿ ಗೆದ್ದಿತು. ಗೂಲ್ಡ್‌ನದೇ ಎರಡು ಟ್ರೈ (ಎದುರಾಳಿಯ ಗೋಲು ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು). ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಮೂರನ್ನೂ ಸೋಲಿಸಿದವರಿಗೆ ಸಿಗುವ ‘ಟ್ರಿಪಲ್ ಕ್ರೌನ್’ ವೇಲ್ಸ್‌ಗೆ ಮೊದಲ ಸಲ ಸಿಕ್ಕಿದ್ದು ಆ ವರ್ಷವೇ.

ಇಂಥವನಿಗೆ ಏನಾದರೂ ಕೊಡೋಣ ಅಂತ 1896ರಲ್ಲಿ ಜನ ಶಿಲ್ಲಿಂಗ್ ಶಿಲ್ಲಿಂಗ್ ಚಂದಾ ಎತ್ತಿದರು. ಇದು ದುಡ್ಡಿಗೆ ಆಡಿದಂತೆ ಅಂತ ಅಂತರರಾಷ್ಟ್ರೀಯ ರಗ್ಬಿ ಬೋರ್ಡು ತಗಾದೆ ತೆಗೆಯಿತು. ಅವರ ಭಯಕ್ಕೆ ಕಾರಣವೂ ಇತ್ತು. ಆಡಲು ಹೋಗಿ ಕಳೆದುಕೊಂಡ ಕೂಲಿ ಕಟ್ಟಿಕೊಡಿ ಎಂದ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು 1895ರಲ್ಲೇ ಬೇರೆಯಾಗಿದ್ದವು. ವೇಲ್ಸ್‌ನವರು ಬಗ್ಗಲಿಲ್ಲ. ಬೋರ್ಡನ್ನೇ ಬಿಟ್ಟು ಬಂದರು. 1897ರ ಈಸ್ಟರ್ ಸೋಮವಾರ ನ್ಯೂಪೋರ್ಟಿನಲ್ಲಿ ದೊಡ್ಡ ಊಟ ಹಾಕಿಸಿ, ಗೂಲ್ಡ್ ಕೈಗೆ ಮನೆಪತ್ರ ಇಟ್ಟರು.

ಕಾಸಿಲ್ಲದೆ ಆಡುವುದೇ ದೊಡ್ಡತನ ಅನ್ನುವವರ ಜೇಬು ಸಾಮಾನ್ಯವಾಗಿ ತುಂಬಿರುತ್ತದೆ, ಅಲ್ವಾ? ಕ್ರಿಕೆಟ್‌ನ ಡಬ್ಲ್ಯು. ಜಿ. ಗ್ರೇಸ್‌ಗೆ 1895ರಲ್ಲಿ ಚಂದಾ ಎತ್ತಿ 9,000 ಪೌಂಡ್‌ಗೂ ಜಾಸ್ತಿ ಕೊಟ್ಟರು. ಆಮೇಲೂ ಅವರು ಅಮೆಚೂರೇ, ಅಂದರೆ ಕಾಸಿಗೆ ಆಡದವರೇ! ಈ ವಿಷಯದಲ್ಲಿ ನಮ್ಮವರೇ ವಾಸಿ. ಗೆದ್ದ ಪೈಲ್ವಾನನಿಗೆ ಎಲ್ಲರೆದುರೇ ಬೆಳ್ಳಿ ಗದೆ ಕೊಡುತ್ತಾರೆ. ಜಿ. ಆರ್. ವಿಶ್ವನಾಥ್ ಸ್ಟೇಟ್ ಬ್ಯಾಂಕಿನ ನೌಕರರಾಗಿದ್ದರು, ಅದರಿಂದ ಅವರ ಸ್ಕ್ವೇರ್ ಕಟ್‌ಗೇನೂ ಮೈಲಿಗೆಯಾಗಲಿಲ್ಲ. ನಮ್ಮಲ್ಲಿ ಕೊಡುವ ಮನಸ್ಸಿದೆ, ಕಡತ ಮುಂದೆ ಹೋಗುವುದಿಲ್ಲ ಅಷ್ಟೆ. ನ್ಯೂಪೋರ್ಟಿನವರು ಘೋಷಿಸಿದ ಮರುವರ್ಷವೇ ಕೊಟ್ಟು ಮುಗಿಸಿದ್ದರು.

1898ರಲ್ಲಿ ರಾಜಿಯಾಯಿತು. ವೇಲ್ಸ್ ಬೋರ್ಡಿಗೆ ಮರಳಬಹುದು, ಗೂಲ್ಡ್ ಮಾತ್ರ ಇನ್ನು ದೇಶದ ಪರ ಆಡಕೂಡದು. ಅಷ್ಟಾದರೂ ಬೋರ್ಡಿನಲ್ಲಿದ್ದ ಸ್ಕಾಟ್ಲೆಂಡ್‌ನವರ ಸಿಟ್ಟು ಇಳಿಯಲಿಲ್ಲ, ವೇಲ್ಸ್ ಜೊತೆ ಮತ್ತೆ ಆಡಿದ್ದು 1899ರಲ್ಲೇ.