ಹುದ್ದೆ ಖಾಲಿ ಇಲ್ಲ, ಪ್ರಭಾರದಲ್ಲಿದೆ

ಮಲೆನಾಡಿನವರ ಮೇಲೆ ಸರ್ಕಾರಕ್ಕೆ ವಿಶೇಷ ಕರುಣೆ. ಬಯಲುಸೀಮೆಯಲ್ಲಿ 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರವಾದರೆ, ಗುಡ್ಡಗಾಡಿಗೆ 20,000ಕ್ಕೇ ಒಂದು. ಉಪಕೇಂದ್ರವೂ 5,000ದ ಬದಲು 3,000 ಜನಕ್ಕೆ. ಒಳಗೆ ಡಾಕ್ಟರು ಇರಬೇಕೆಂದೂ ನಿಯಮದಲ್ಲಿದೆ. ಇರುವುದು ಅಲ್ಲೇ.

ಚಿಕ್ಕಮಗಳೂರು ಜಿಲ್ಲೆಯ ಘಟ್ಟದಂಚಿನ ನಮ್ಮೂರ ಆಸ್ಪತ್ರೆಯದು ಪ್ರಭಾರ ಡಾಕ್ಟರು. ವಾರಕ್ಕೆರಡು ದಿನ ಇಲ್ಲಿ, ಮಿಕ್ಕ ದಿನ ತಮ್ಮ ಮೂಲ ಕೇಂದ್ರದಲ್ಲಿ, ಮೀಟಿಂಗ್ ಇದ್ದ ದಿನ ಎರಡೂ ಕಡೆ ಇಲ್ಲ. ಪಾಪ, ಅವರನ್ನು ಬೈದು ಫಲವಿಲ್ಲ. ಎರಡು ಕುರ್ಚಿಗೆ ಇರುವುದೊಂದೇ ದೇಹ. ಲ್ಯಾಬ್ ಟೆಕ್ನೀಷಿಯನ್ ನಮ್ಮವರೇ, ಸಂಬಳದ ಪಟ್ಟಿಯಲ್ಲಿ. ಆಸಾಮಿ ಮಾತ್ರ ತಾಲ್ಲೂಕು ಆಸ್ಪತ್ರೆಗೆ ನಿಯೋಜನೆ. ಅಲ್ಲಿಯವರು ಜಿಲ್ಲಾಸ್ಪತ್ರೆಗೆ ನಿಯೋಜನೆ. ಅಲ್ಲಿಂದಾಚೆ ನಾನು ವಿಚಾರಿಸಲಿಲ್ಲ, ತಲೆಸುತ್ತು ಬಂದರೆ ಬಿಪಿ ನೋಡುವವರು ಬೇಕಲ್ಲ!

ಈ ಏರ್ಪಾಡಿನ ಸೊಬಗು ಗೊತ್ತಾಗುವುದು ಖಾಲಿ ಹುದ್ದೆ ಎಷ್ಟೆಂದು ಮೇಲಿನಿಂದ ಪತ್ರ ಬಂದಾಗ. ಉತ್ತರ: ಸೊನ್ನೆ. ಪ್ರಭಾರದಲ್ಲಿರುವುದು ಖಾಲಿ ಹೇಗಾದೀತು? ಖಾಲಿ ಇಲ್ಲದ ಮೇಲೆ ನೇಮಕಾತಿ ಯಾತಕ್ಕೆ? ಬೇಕಿದ್ದರೆ ದೂರು ಪೆಟ್ಟಿಗೆ ಇದೆ. ಡಾಕ್ಟರು ಬರುವುದಿಲ್ಲ ಎಂದು ಎಷ್ಟು ಚೀಟಿಯನ್ನಾದರೂ ಹಾಕಬಹುದು. ಬೀಗದ ಕೈ ಡಾಕ್ಟರ ಹತ್ತಿರ.

ಯಾವ ಹೊತ್ತಿಗೆ ಕರೆದರೂ ಸಿಗುವವರು ಆಶಾ ಕಾರ್ಯಕರ್ತೆ ಅಕ್ಕ. ಅವರೋ ಸರ್ಕಾರದ ಕಡತದಲ್ಲಿ ನೌಕರರೇ ಅಲ್ಲ, ಸ್ವಯಂಸೇವಕಿ. ಕಾಡಲ್ಲಿ ಮಂಗ ಸತ್ತು ಬಿದ್ದರೆ ಮೊದಲ ಫೋನ್ ಅವರಿಗೇ. 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ಇವತ್ತಿಗೂ ಮನೆಮನೆಗೆ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ ಹಂಚಿ ಬರುವವರು ಅವರೇ. ಬಂದ ಮೇಲೆ ಆ್ಯಪ್‌ಗೆ ತುಂಬಬೇಕು, ಅದಕ್ಕೆ ಸಿಗ್ನಲ್ ಹುಡುಕಿಕೊಂಡು ಎಸ್ಟೇಟಿನ ಗುಡ್ಡ ಹತ್ತಬೇಕು. 2025ರ ಜನವರಿ ಚಳಿಯಲ್ಲಿ ಇಂಥವರೇ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಲಗಿ ಗೌರವಧನ ಕೇಳಿದ್ದು. ಗೌರವಕ್ಕೇನೂ ಕೊರತೆಯಿರಲಿಲ್ಲ, ಧನದ್ದೇ ತಕರಾರು.

ಮೊನ್ನೆ ಗುಣಮಟ್ಟ ಪರಿಶೀಲನೆಗೆ ತಂಡ ಬಂತು. ನಿಯೋಜನೆಗೆ ಹೋದವರೆಲ್ಲ ಹಿಂದಿನ ಸಂಜೆಯೇ ಹಾಜರ್. ಗೇಟಿಗೆ ಬಾಳೆಕಂದು, ಮಂಚಕ್ಕೆ ಹೊಸ ಬೆಡ್‌ಶೀಟು, ಡಾಕ್ಟರು ಕುರ್ಚಿಯಲ್ಲಿ! ಸುದ್ದಿ ಕೇಳಿ ಕೆಮ್ಮುತ್ತಾ ಬಂದ ಅಜ್ಜಿಯನ್ನು ಗೇಟಲ್ಲೇ ತಡೆದರು.

“ಅಜ್ಜಿ, ಇವತ್ತು ಇನ್‌ಸ್ಪೆಕ್ಷನ್. ನಾಳೆ ಬನ್ನಿ.”

“ನಾಳೆ ಡಾಕ್ಟ್ರು ಇರಲ್ವಲ್ಲೇ ತಂಗಿ?”

“ಹ್ಞೂಂ, ರಶ್ಶೂ ಇರಲ್ಲ.”