ಚಿಪ್ ನಕಲಿ ಎನ್ನುವ ತೀರ್ಪಿಗೆ ಮುನ್ನ

ಹಳೆಯ ಲ್ಯಾಪ್‌ಟಾಪಿನಿಂದ ತೆಗೆದ ಹಾರ್ಡ್ ಡಿಸ್ಕನ್ನೋ ಎಸ್‌ಎಸ್‌ಡಿಯನ್ನೋ ಯುಎಸ್‌ಬಿ ಕೇಸಿಂಗಿನಲ್ಲಿ ಹಾಕಿ ಬಳಸುವವರು ಈಗ ಬಹಳ ಮಂದಿ. ಡ್ರೈವನ್ನು ಯುಎಸ್‌ಬಿಗೆ ಬೆಸೆಯುವ ‘ಬ್ರಿಡ್ಜ್’ ಚಿಪ್ ಒಂದು ಆ ಕೇಸಿಂಗಿನ ಒಳಗಿರುತ್ತದೆ. ದೊಡ್ಡ ಫೈಲ್ ಕಾಪಿಯಾಗುವಾಗ ಅಂಥ ಡ್ರೈವ್ ನಡುವೆಯೇ ಮಾಯವಾದರೆ, ‘ಒಳಗಿರುವುದು ಡೂಪ್ಲಿಕೇಟ್ ಚಿಪ್’ ಎಂಬ ತೀರ್ಪು ಕೂಡಲೇ ಹೊರಬೀಳುತ್ತದೆ. ನಕಲಿ ಚಿಪ್‌ಗಳು ಮಾರುಕಟ್ಟೆಯಲ್ಲಿರುವುದು ನಿಜವೇ. ಆದರೂ ಆ ತೀರ್ಪು ಕೊನೆಗೆ ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಇದೇ ಲಕ್ಷಣಗಳನ್ನು ಅಸಲಿ ಚಿಪ್ ಕೂಡ ತೋರಿಸಬಲ್ಲದು.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಕೊಂಡ ಕೇಸಿಂಗ್ ನನಗೆ ಇದೇ ತೊಂದರೆ ಕೊಟ್ಟಿತು. ಮೊದಲು ನೋಡಬೇಕಾದದ್ದು ಕೇಬಲ್ ಮತ್ತು ವಿದ್ಯುತ್. ಯುಎಸ್‌ಬಿ 2 ಪೋರ್ಟ್ 500 ಮಿಲಿಆಂಪಿಯರ್, ಯುಎಸ್‌ಬಿ 3 ಪೋರ್ಟ್ 900 ಮಿಲಿಆಂಪಿಯರ್ ಕೊಡಬೇಕೆಂಬುದು ನಿಯಮ. ತಿರುಗುವ ಡಿಸ್ಕ್ ಆರಂಭದ ಕ್ಷಣದಲ್ಲಿ ಅದಕ್ಕಿಂತ ಹೆಚ್ಚು ಕೇಳುವುದುಂಟು. ಚಿಕ್ಕ ಕೇಬಲ್ ಹಾಕಿ, ಡೆಸ್ಕ್‌ಟಾಪಿನ ಹಿಂಬದಿಯ ಪೋರ್ಟಿಗೆ ನೇರವಾಗಿ ಚುಚ್ಚಿದರೆ ಎಷ್ಟೋ ‘ನಕಲಿ ಚಿಪ್’ಗಳು ತಾವಾಗಿಯೇ ಅಸಲಿಯಾಗುತ್ತವೆ.

ಅದರಾಚೆಗೆ ಯುಎಎಸ್ ಎಂಬ ವೇಗದ ಸಂವಹನ ವಿಧಾನದ ತಕರಾರು ಇದೆ. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲಿ ಈ ವಿಧಾನದಲ್ಲಿ ಸರಿಯಾಗಿ ನಡೆದುಕೊಳ್ಳದ ಸಾಧನಗಳಿಗೆಂದೇ ಒಂದು ಪಟ್ಟಿ ಇದೆ. ತೈವಾನಿನ ಜೆಮೈಕ್ರಾನ್ ಕಂಪನಿಯ ಅಸಲಿ ಚಿಪ್‌ಗಳೂ ಅದರಲ್ಲಿವೆ. ಅದೇ ದೇಶದ ಏಸ್‌ಮೀಡಿಯಾ ಚಿಪ್‌ಗಳ ವಿಷಯವಂತೂ ಇನ್ನೂ ಸೂಕ್ಷ್ಮ. ಹಲವು ಮಾದರಿಗಳು ಒಂದೇ ಗುರುತಿನ ಸಂಖ್ಯೆಗಳನ್ನು ಹಂಚಿಕೊಳ್ಳುವುದರಿಂದ, ಮಾದರಿ ಯಾವುದೆಂದು ತಿಳಿಯಲು ಆ ಸಂಖ್ಯೆ ನಿರುಪಯೋಗಿ ಎಂದು ಕರ್ನಲ್ ಬರೆದವರೇ ತಮ್ಮ ಕೋಡಿನಲ್ಲಿ ಟಿಪ್ಪಣಿ ಹಾಕಿ, ಸಾಧನದ ಬೇರೆ ಗುಣಗಳಿಂದ ಅದನ್ನು ಊಹಿಸುವ ವ್ಯವಸ್ಥೆ ಮಾಡಿದ್ದಾರೆ. ಹೀಗಿರುವಾಗ ಪರದೆಯ ಮೇಲೆ ಕಾಣುವ ಗುರುತಿನ ಸಂಖ್ಯೆಯನ್ನು ಅಸಲಿತನದ ಪ್ರಮಾಣಪತ್ರವೆಂದು ನಂಬುವುದು ಹೇಗೆ? ನಕಲು ಮಾಡುವವನು ಮೊದಲು ಕದಿಯುವುದೇ ಆ ಸಂಖ್ಯೆಯನ್ನು.

ಯುಎಎಸ್ ನಿಲ್ಲಿಸಿದ ಮೇಲೂ ನನ್ನ ಕೇಸಿಂಗ್ ಸುಧಾರಿಸಲಿಲ್ಲ. ಕಾಪಿ ಮಾಡಿದ ಫೈಲಿನ ಒಳಗಿನ ಮಾಹಿತಿಯಿಂದ ಲೆಕ್ಕ ಹಾಕುವ ತಾಳೆಸಂಖ್ಯೆಯಾದ ಚೆಕ್‌ಸಮ್ ಅನ್ನು ಡ್ರೈವ್ ಕಳಚಿ ಮತ್ತೆ ಜೋಡಿಸಿ ಹೋಲಿಸಿದಾಗ ಮೂಲದೊಂದಿಗೆ ತಾಳೆಯಾಗಲಿಲ್ಲ. ಅದೇ ಎಸ್‌ಎಸ್‌ಡಿಯನ್ನು ಕಂಪ್ಯೂಟರಿನೊಳಗೆ ಡಿಸ್ಕ್ ಜೋಡಿಸುವ ಸಾಟಾ ಪೋರ್ಟಿಗೆ ನೇರವಾಗಿ ಜೋಡಿಸಿ ಕಾಪಿ ಮಾಡಿದರೆ ತಾಳೆಯಾಯಿತು. ಆಗ ಬೋರ್ಡನ್ನು ಹೊರತೆಗೆದು, ಮೊಬೈಲ್ ಟಾರ್ಚನ್ನು ಚಿಪ್ಪಿನ ಮೇಲೆ ಓರೆಯಾಗಿ ಹಿಡಿದೆ. ಪಕ್ಕಗಳು ಒರಟಾಗಿದ್ದರೆ ಮೇಲ್ಮೈ ಮಾತ್ರ ಬಣ್ಣ ಬಳಿದಂತೆ ನುಣ್ಣಗಿತ್ತು. ಒಂದನೆಯ ಪಿನ್ನನ್ನು ಸೂಚಿಸುವ ಚಿಕ್ಕ ಕುಳಿ ಅರ್ಧ ತುಂಬಿಹೋಗಿತ್ತು. ಅಸಿಟೋನ್ ಅದ್ದಿದ ಹತ್ತಿಯಿಂದ ಉಜ್ಜಿದಾಗ ಹತ್ತಿ ಕಪ್ಪಾಯಿತು, ಅಕ್ಷರಗಳು ಮಸುಕಾದವು, ಕೆಳಗೆ ಉಜ್ಜುಕಾಗದದ ಸಮಾನಾಂತರ ಗೀರುಗಳು ಕಂಡವು. ಹಳೆಯ ಗುರುತನ್ನು ಉಜ್ಜಿ ತೆಗೆದು, ಬಣ್ಣ ಬಳಿದು, ಹೊಸ ಹೆಸರು ಅಚ್ಚು ಹಾಕಿದ ಚಿಪ್ ಅದು. ನಡವಳಿಕೆ ಮತ್ತು ಮೈಗುರುತು ಎರಡೂ ಒಂದೇ ಕಡೆ ಬೊಟ್ಟು ಮಾಡಿದಾಗ ಮಾತ್ರ ನಾನು ನಕಲಿ ಎಂಬ ಪದ ಬಳಸಿದೆ.

ಇಂಥ ನಕಲಿಯ ದಂಡವನ್ನು ಕೊನೆಯ ಬಳಕೆದಾರನ ಮೇಲೆ ಹೇರುವುದನ್ನು ನಾನು ಒಪ್ಪಲಾರೆ. 2014ರ ಅಕ್ಟೋಬರಿನಲ್ಲಿ, ಯುಎಸ್‌ಬಿಯನ್ನು ಹಳೆಯ ಸೀರಿಯಲ್ ಸಂಪರ್ಕಕ್ಕೆ ಬೆಸೆಯುವ ಚಿಪ್ ತಯಾರಿಸುವ, ಸ್ಕಾಟ್ಲೆಂಡಿನ ಗ್ಲಾಸ್ಗೋದ ಎಫ್‌ಟಿಡಿಐ ಕಂಪನಿಯ ಡ್ರೈವರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ವಿಂಡೋಸ್ ಅಪ್‌ಡೇಟ್ ಮೂಲಕ ಬಂದು, ನಕಲಿ ಯುಎಸ್‌ಬಿ–ಸೀರಿಯಲ್ ಚಿಪ್‌ಗಳ ಉತ್ಪನ್ನ ಸಂಖ್ಯೆಯನ್ನು ಸೊನ್ನೆ ಮಾಡಿ, ಅವು ಕೆಲಸ ಮಾಡದಂತೆ ಮಾಡಿತ್ತು. ಪ್ರತಿಭಟನೆ ಎದ್ದ ಬಳಿಕ ಆ ಡ್ರೈವರನ್ನು ಹಿಂತೆಗೆದುಕೊಳ್ಳಲಾಯಿತು. ತಮ್ಮ ವಿನ್ಯಾಸವನ್ನು ಕಾಪಾಡಿಕೊಳ್ಳುವ ಹಕ್ಕು ಅವರಿಗಿದೆ. ಆದರೆ ಚಿಪ್ಪಿನ ಹೆಸರನ್ನೇ ಕೇಳಿರದ ವಿದ್ಯಾರ್ಥಿಯ ಸಾಧನವನ್ನು ದೂರದಿಂದ ಕೆಡಿಸುವುದು ಆ ಹಕ್ಕಿನೊಳಗೆ ಬರುವುದಿಲ್ಲ.

ಹೊಣೆ ಹೊರಬೇಕಾದವರು ತಯಾರಕರು ಮತ್ತು ಮಾರುವವರು. ಒಳಗಿರುವ ಬ್ರಿಡ್ಜ್ ಚಿಪ್ಪಿನ ಹೆಸರನ್ನು ಅವರು ಡಬ್ಬಿಯ ಮೇಲೂ ಬಿಲ್ಲಿನಲ್ಲೂ ನಮೂದಿಸಲಿ. ಆಗ ಕೊಂಡವರಿಗೆ ವಸ್ತುವನ್ನು ವಾಪಸು ಕೇಳಲು, ಅಂಗಡಿ ಒಪ್ಪದಿದ್ದರೆ 1915 ಸಂಖ್ಯೆಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಲು, ಚಿಪ್ಪಿನ ಫೋಟೋಗಳ ಜೊತೆಗೆ ಲಿಖಿತ ಆಧಾರವೊಂದು ಕೈಯಲ್ಲಿರುತ್ತದೆ.