ಸೇಫ್ಟಿಗೆ ಇರ್ಲಿ ಅಂತ ಎರಡು ಹನಿ

ಬೈಕಿನ ಮುಂದಿನ ಬ್ರೇಕ್ ಡಿಸ್ಕ್ ಬದಲಿಸುವುದು ಅರ್ಧ ಗಂಟೆಯ ಕೆಲಸ ಅನ್ನುವವರೆಲ್ಲ ಒಂದೋ ಹೊಸ ಬೈಕಿನ ಮೇಲೆ ಮಾಡಿ ತೋರಿಸಿದವರು, ಇಲ್ಲವೇ ಬೋಲ್ಟುಗಳನ್ನೆಲ್ಲ ಮೊದಲೇ ಸಡಿಲಿಸಿಟ್ಟು ಆಮೇಲೆ ಕ್ಯಾಮೆರಾ ಆನ್ ಮಾಡಿದವರು. ಚಕ್ರ ಬಿಚ್ಚಿ, ಡಿಸ್ಕ್ ಮೇಲೆ ಬರುವಂತೆ ಮಲಗಿಸಿ, ಅಲೆನ್ ಕೀ ಹಾಕಿ ಒತ್ತಿದಾಗ ಬಂಡವಾಳ ಬಯಲಾಗುತ್ತದೆ. ಬೋಲ್ಟ್ ಮಿಸುಕುವುದಿಲ್ಲ. ಕೀ ಬಾಗುತ್ತದೆ. ಕೀಗೆ ಒಂದು ಪೈಪ್ ಸಿಕ್ಕಿಸಿ ಮೈಭಾರ ಬಿಟ್ಟರೆ ‘ಟಕ್’ ಎಂದು ಸದ್ದು ಬರುತ್ತದೆ. ಅಬ್ಬಾ ಬಂತು ಅಂತ ಬಗ್ಗಿ ನೋಡಿದರೆ ಬಂದದ್ದು ಬೋಲ್ಟ್ ಅಲ್ಲ, ಅದರ ತಲೆಯೊಳಗಿನ ಆರು ಮೂಲೆಗಳು. ಷಟ್ಕೋನ ಇದ್ದದ್ದು ಸೊನ್ನೆ ಆಗಿರುತ್ತದೆ.

ಯಾರೋ ಹಿಂದಿನ ಸಲ ಅಲ್ಲಿ ಕೆಂಪು ಲಾಕ್‌ಟೈಟ್, ಅಂದರೆ ಬೋಲ್ಟ್ ಸಡಿಲವಾಗದಂತೆ ಥ್ರೆಡ್ಡಿಗೆ ಹಾಕುವ ಅಂಟು, ಹಾಕಿದ್ದಾರೆ. ಯಾರೋ ಅಂದರೆ ಯಾರೋ ಅಲ್ಲ, ‘ಸೇಫ್ಟಿಗೆ ಇರ್ಲಿ’ ಅನ್ನುವವರು. ಬಡಾವಣೆಗೆ ಒಬ್ಬರಾದರೂ ಈ ಜಾತಿಯವರು ಇರುತ್ತಾರೆ. ಕೆಲವರು ಗ್ಯಾರೇಜ್ ಇಟ್ಟಿರುತ್ತಾರೆ, ಕೆಲವರು ಬರೀ ಗ್ಯಾರೇಜ್ ಮುಂದೆ ನಿಂತಿರುತ್ತಾರೆ. “ಇದಕ್ಯಾಕಣ್ಣ ಕೆಂಪು?” ಅಂದರೆ ಒಂದೇ ಉತ್ತರ: “ಇರ್ಲಿ ಬಿಡಿ ಸಾರ್, ಸೇಫ್ಟಿಗೆ.” ಕನ್ನಡಿಯ ಕಂಬಿಗೆ ಸೇಫ್ಟಿ. ಕ್ಲಚ್ ಲಿವರ್ ಆಡಬೇಕಾದ ಬೋಲ್ಟಿಗೂ ಸೇಫ್ಟಿ. ಆಮೇಲೆ ಲಿವರ್ ಆಡುವುದೇ ಇಲ್ಲ, ಅದಕ್ಕಿಂತ ಸೇಫ್ಟಿ ಬೇಕೇ? ಎಂಜಿನ್ ಆಯಿಲ್ ಇಳಿಸುವ ಡ್ರೈನ್ ಬೋಲ್ಟಿಗೂ ಎರಡು ಹನಿ. ಅಲ್ಲಿ ಆಯಿಲ್ ತಡೆಯುವುದು ವಾಷರೇ ಹೊರತು ಥ್ರೆಡ್ ಅಲ್ಲ. ಕೆಳಗಿರುವುದು ಅಲ್ಯೂಮಿನಿಯಂ ಬ್ಲಾಕ್. ಮುಂದಿನ ಸರ್ವೀಸಿಗೆ ಬೋಲ್ಟ್ ಎಳೆದರೆ ಬ್ಲಾಕಿನ ಥ್ರೆಡ್ ಪೂರ್ತಿ ಸ್ಪ್ರಿಂಗ್ ಸುರುಳಿಯಾಗಿ ಬೋಲ್ಟಿನ ಜೊತೆಗೇ ಈಚೆ ಬರುತ್ತದೆ. ಪ್ಲಾಸ್ಟಿಕ್ ಮಡ್‌ಗಾರ್ಡಿನ ಸ್ಕ್ರೂಗೂ ಅವರು ಬಿಡುವುದಿಲ್ಲ. ಈ ದ್ರವ ತಾಗಿದರೆ ಹಲವು ಬಗೆಯ ಪ್ಲಾಸ್ಟಿಕ್ ಸ್ಕ್ರೂ ಸುತ್ತ ಬಿರುಕು ಬಿಡುತ್ತದೆ. ಕೊನೆಗೆ ಸ್ಕ್ರೂ ಭದ್ರ, ಮಡ್‌ಗಾರ್ಡ್ ಇಲ್ಲ.

ಅಳತೆಯಾದರೂ ಇದೆಯೇ? ಎಂ8 ಬೋಲ್ಟಿಗೆ (8 ಮಿ.ಮೀ. ದಪ್ಪದ್ದು), ನಟ್ಟಿನೊಳಗೆ ಕೂರುವ ಭಾಗಕ್ಕೆ ಮಾತ್ರ, ಒಂದೆರಡು ಹನಿ ಸಾಕು. ಇವರು ಬೀಗರೂಟದಲ್ಲಿ ತುಪ್ಪ ಬಡಿಸುವ ಹಾಗೆ ಬಾಟ್ಲಿ ಬಗ್ಗಿಸಿ, ಬೇಡ ಬೇಡ ಅಂದರೂ ಇನ್ನೊಂದು ಸುತ್ತು ಹಾಕುತ್ತಾರೆ. ಐದು ನಿಮಿಷ ಬಿಟ್ಟು ಅಲ್ಲಾಡಿಸಿ ನೋಡಿ “ಇನ್ನೂ ಹಿಡಿದಿಲ್ಲ” ಅಂತ ಬಿಚ್ಚಿ ಮತ್ತೆ ಹಾಕುವುದೂ ಉಂಟು. ಕೈಗೆ ಹಿಡಿತ ಸಿಗಲು ಹತ್ತಿಪ್ಪತ್ತು ನಿಮಿಷ ಬೇಕು, ಪೂರ್ತಿ ಗಟ್ಟಿಯಾಗಲು 24 ಗಂಟೆ. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟಿನ ಮೇಲೆ ಇನ್ನೂ ನಿಧಾನ. ಅಷ್ಟು ಹೊತ್ತು ಕಾಯುವ ಸೇಫ್ಟಿ ಇವರಲ್ಲಿಲ್ಲ.

ಇವರು ಅಂಗಡಿಯಲ್ಲಿ ಬಾಟ್ಲಿ ಕೊಳ್ಳುವುದನ್ನು ನೋಡಬೇಕು. ಬೆಳಕಿಗೆ ಹಿಡಿದು, ಅಲ್ಲಾಡಿಸಿ, “ಅರ್ಧ ಖಾಲಿ ಇದೆಯಲ್ರೀ, ಯಾರೋ ಬಳಸಿರೋದು ಕೊಡ್ತಿದ್ದೀರಾ?” ಅಂತ ಶುರು. ಅಂಗಡಿಯವನು ಎಲ್ಲ ಬಾಟ್ಲಿಯೂ ಹಾಗೇ ಇರುತ್ತೆ ಅಂತ ಇನ್ನೆರಡು ತೆಗೆದು ತೋರಿಸುತ್ತಾನೆ. “ಹಂಗಾದ್ರೆ ಕಂಪನೀನೇ ಮೋಸ ಮಾಡ್ತಿದೆ” ಅಂತ ಇವರ ತೀರ್ಪು. ಪಾಪ, ಅದರ ಗುಟ್ಟೇ ಆ ಅರ್ಧ ಗಾಳಿಯಲ್ಲಿದೆ. ಗಾಳಿಯಲ್ಲಿ ಆಮ್ಲಜನಕ ಇರುವವರೆಗೆ ಈ ಅಂಟು ದ್ರವವಾಗಿಯೇ ಇರುತ್ತದೆ. ಬೋಲ್ಟಿಗೂ ನಟ್ಟಿಗೂ ನಡುವಿನ ಗಾಳಿಯಿಲ್ಲದ ಸಂದಿಯಲ್ಲಿ, ಕಬ್ಬಿಣವೋ ತಾಮ್ರವೋ ತಾಗಿದಾಗ ಮಾತ್ರ ಗಟ್ಟಿಯಾಗುತ್ತದೆ. ಬಾಟ್ಲಿಯ ಪ್ಲಾಸ್ಟಿಕ್ಕನ್ನೂ ಅದಕ್ಕೇ ಗಾಳಿ ಒಳಸೇರುವಂಥದ್ದು ಆರಿಸಿರುತ್ತಾರೆ. ಸೇಫ್ಟಿಯವರು ಮನೆಗೆ ತಂದು, ಸೋರಬಾರದು ಅಂತ, ಅದನ್ನು ಬಿಗಿ ಮುಚ್ಚಳದ ಪುಟ್ಟ ಲೋಹದ ಡಬ್ಬಿಗೆ ತುಂಬುತ್ತಾರೆ, ಕಂಠಮಟ್ಟ. ಬೇಕಾದಾಗ ನೋಡಿದರೆ ಡಬ್ಬಿಯೊಳಗೆ ಕೆಂಪು ಕಲ್ಲು. ಆಗಲೂ ಬೈಗುಳ ಕಂಪನಿಗೇ. ಬಾಟ್ಲಿಯಲ್ಲೇ ಇಟ್ಟವರು ಅದರ ಮೂತಿಯನ್ನು ಬೋಲ್ಟಿಗೆ ಉಜ್ಜಿ ಉಜ್ಜಿ ಹಚ್ಚುತ್ತಾರೆ. ಲೋಹದ ಪುಡಿ ಒಳಗೆ ಹೋದರೆ ಬಾಟ್ಲಿಗೂ ಅದೇ ಗತಿ ಬರಬಹುದು. ಹನಿ ಮೇಲಿನಿಂದ ಬೀಳಬೇಕು, ಮೂತಿ ತಾಗಬಾರದು.

ಬಣ್ಣದ ಗೊಂದಲ ಬೇರೆ. ಲಾಕ್‌ಟೈಟ್ ಲೆಕ್ಕದಲ್ಲಿ ನೇರಳೆ 222 ಸಣ್ಣ ಸ್ಕ್ರೂಗಳಿಗೆ, ನೀಲಿ 243 ಕೈ ಉಪಕರಣದಲ್ಲಿ ಬಿಚ್ಚಬಹುದಾದ್ದು, ಕೆಂಪು 271 ಮತ್ತೆ ಬಿಚ್ಚುವ ಯೋಚನೆಯೇ ಇಲ್ಲದ ಜಾಗಕ್ಕೆ, ಹಸಿರು 290 ಬಿಗಿ ಮಾಡಿದ ಮೇಲೆ ಸಂದಿಯಲ್ಲಿ ಇಳಿಸುವುದಕ್ಕೆ. ಇದು ಒಳಗಿನ ದ್ರವದ ಬಣ್ಣ. ವರ್ಕ್‌ಶಾಪ್‌ಗಳಿಗೆ ಬರುವ ಬಾಟ್ಲಿ ಮಾತ್ರ ನೀಲಿ ದ್ರವದ್ದೂ ಕೆಂಪೇ! “ಆ ಕೆಂಪು ಬಾಟ್ಲಿ ತಗೊಂಡ್ ಬಾರೋ” ಅಂತ ಹುಡುಗನನ್ನು ಕಳಿಸಿದರೆ ಏನು ಬರುತ್ತದೆ ಅನ್ನುವುದು ದೈವಕ್ಕೆ ಬಿಟ್ಟದ್ದು. ಬೇರೆ ಕಂಪನಿಗಳು ಇದೇ ಬಣ್ಣ ಪಾಲಿಸಬೇಕೆಂಬ ಕಾನೂನೂ ಇಲ್ಲ. ಆದ್ದರಿಂದ ನಂಬರ್ ಓದಿ, ಬಣ್ಣ ನಂಬಬೇಡಿ.

ಇನ್ನು ಬೋಲ್ಟ್ ಬರುತ್ತಿಲ್ಲ ಅಂದ ತಕ್ಷಣ ಎಲ್ಲಿಂದಲೋ ಉದ್ಭವಿಸುವ ಎರಡನೇ ಪಂಗಡದವರು: “ಗುರೂ, ಡಬ್ಲ್ಯೂಡಿ ಹೊಡಿ.” ತುಕ್ಕು ಬಿಡಿಸಲು ಹೊಡೆಯುವ ಆ ಎಣ್ಣೆ, ಡಬ್ಲ್ಯೂಡಿ-40, ಹುಟ್ಟಿದ್ದು 1953ರಲ್ಲಿ, ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ. ಅದೇ 1953ರಲ್ಲಿ, ಅದೇ ದೇಶದ ಇನ್ನೊಂದು ತುದಿಯ ಹಾರ್ಟ್‌ಫರ್ಡ್‌ನಲ್ಲಿ, ಟ್ರಿನಿಟಿ ಕಾಲೇಜಿನ ರಸಾಯನಶಾಸ್ತ್ರದ ಪ್ರೊಫೆಸರ್ ವರ್ನನ್ ಕ್ರೀಬಲ್ ಈ ಅಂಟನ್ನು ತಯಾರಿಸಿದರು. ಒಂದೇ ವಯಸ್ಸಿನವು, ಆದರೆ ಒಂದಕ್ಕೊಂದು ಪರಿಚಯವಿಲ್ಲ. ತುಕ್ಕಿನ ರಂಧ್ರಗಳಲ್ಲಿ ಇಳಿಯುವ ಎಣ್ಣೆಗೆ ಗಟ್ಟಿಯಾದ ಈ ಅಂಟಿನೊಳಗೆ ಇಳಿಯಲು ದಾರಿಯೇ ಇಲ್ಲ. ಸಂದಿ ಪೂರ್ತಿ ತುಂಬಿಕೊಂಡಿರುತ್ತದೆ. ರಾತ್ರಿಯಿಡೀ ನೆನೆಸಿದರೂ ಬೋಲ್ಟಿಗೆ ಅಭ್ಯಂಜನವಾಗುತ್ತದೆ, ಅಷ್ಟೇ. ಮೇಲಾಗಿ ಎಣ್ಣೆ ಹೊಡೆದ ಜಾಗಕ್ಕೆ ಆಮೇಲೆ ಬೆಂಕಿ ತೋರಿಸಿದರೆ ಹೊತ್ತಿಕೊಳ್ಳುತ್ತದೆ. ಬ್ರೇಕ್ ಕ್ಲೀನರ್ ಹೊಡೆದು ಬಿಸಿ ಮಾಡುವುದಂತೂ ಬೇಡವೇ ಬೇಡ. ಕ್ಲೋರಿನ್ ಇರುವ ಕ್ಲೀನರ್ ಕಾದರೆ ಬರುವುದು ವಿಷಗಾಳಿ.

ಈ ಅಂಟು ಹೆದರುವುದು ಒಂದಕ್ಕೇ, ಬಿಸಿಗೆ. ಪ್ಯಾಕೆಟ್ಟಿನ ಜೊತೆಗಿನ ಮಾಹಿತಿಯನ್ನು ಓದಿದರೆ ಅಲ್ಲೇ ಇದೆ: ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಬಿಸಿ ಇರುವಾಗಲೇ ಬಿಚ್ಚಿ. ಕೊನೆಯ ಮಾತು ಮುಖ್ಯ. ಕಾಯಿಸಿ, ಒಂದು ಟೀ ಕುಡಿದು ಬಂದು ಬಿಚ್ಚುತ್ತೇನೆ ಅಂದರೆ ಟೀ ಮುಗಿಯುವಷ್ಟರಲ್ಲಿ ಅದು ಮತ್ತೆ ಗಟ್ಟಿ.

ಹೇರ್ ಡ್ರೈಯರ್ ತಂದು ಹಿಡಿಯುವವರಿದ್ದಾರೆ, ಕೂದಲು ಒಣಗುತ್ತದೆ. ಹೀಟ್ ಗನ್ ಪರವಾಗಿಲ್ಲ, 550–600 ಡಿಗ್ರಿ ಗಾಳಿ ಉಗುಳುತ್ತದೆ, ಆದರೆ ಅದು ಬೋಲ್ಟಿಗಿಂತ ಮೊದಲು ಸುತ್ತಮುತ್ತಲಿನ ಪೇಂಟನ್ನು ಮಾತಾಡಿಸುತ್ತದೆ. ಎಂ5, ಎಂ6 ಬೋಲ್ಟಿಗೆ 60 ವ್ಯಾಟ್ ಸೋಲ್ಡರಿಂಗ್ ಐರನ್ ಒಳ್ಳೆಯದು. ರೇಡಿಯೊ ರಿಪೇರಿಯ 25 ವ್ಯಾಟಿನದು ಸಾಲದು. ತುದಿಯಲ್ಲಿ ಸ್ವಲ್ಪ ಸೋಲ್ಡರ್ ಕರಗಿಸಿಕೊಂಡು ಅಲೆನ್ ಗುಳಿಯೊಳಗೇ ಒತ್ತಿ ಹಿಡಿಯಬೇಕು, ಆಗ ಬಿಸಿ ನೇರ ಬೋಲ್ಟಿನೊಳಗೆ ಇಳಿಯುತ್ತದೆ. ಡಿಸ್ಕಿನ ಎಂ8 ಬೋಲ್ಟಿಗೆ 100 ವ್ಯಾಟಿನ ದಪ್ಪ ಮೂತಿಯದು ಬೇಕು, ತಾಳ್ಮೆಯೂ ಬೇಕು. ಏಕೆಂದರೆ ಅಲ್ಯೂಮಿನಿಯಂನ ಅಲಾಯ್ ಚಕ್ರ ಕೊಟ್ಟ ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ. ಅದೂ ಸಾಲದಿದ್ದರೆ ಸಣ್ಣ ಗ್ಯಾಸ್ ಟಾರ್ಚ್, ಸಣ್ಣ ಜ್ವಾಲೆ, ಬೋಲ್ಟಿನ ತಲೆಗೆ ಮಾತ್ರ. ಅದಕ್ಕೆ ಮೊದಲು ಬೇರಿಂಗ್ ಸೀಲ್, ಎಬಿಎಸ್ ರಿಂಗ್ ಎಲ್ಲಿವೆ ನೋಡಿ. ಸೀಲು ರಬ್ಬರಿನದು, ಬೋಲ್ಟಿಗಿಂತ ಎಷ್ಟೋ ಮೊದಲೇ ಶರಣಾಗುತ್ತದೆ. ಒದ್ದೆ ಬಟ್ಟೆ ಸುತ್ತಿಡಿ. ಅಲ್ಯೂಮಿನಿಯಂ ಕೆಂಪಗಾಗಿ ಎಚ್ಚರಿಸುವ ಲೋಹವಲ್ಲ, ಶಕ್ತಿ ಕಳಕೊಂಡದ್ದು ಕಣ್ಣಿಗೆ ಕಾಣುವುದಿಲ್ಲ. ಹೊಗೆ ಘಾಟು, ಆದ್ದರಿಂದ ಬಯಲಲ್ಲಿ ಮಾಡಿ. ಡಿಸ್ಕ್ ಮತ್ತೆ ಬಳಸುವುದಾದರೆ ಅದಕ್ಕೆ ಜ್ವಾಲೆ ತಾಗಿಸಬೇಡಿ, ಸೊಟ್ಟಗಾದರೆ ಬ್ರೇಕ್ ಹಿಡಿದಾಗಲೆಲ್ಲ ಲಿವರ್ ನಡುಗುತ್ತದೆ.

ಎಷ್ಟು ಕಾದಿದೆ ಎಂದು ತಿಳಿಯುವುದು ಹೇಗೆ? ನೀರು ಚಿಮುಕಿಸಿ ‘ಚುಂಯ್’ ಅಂದರೆ ಸಾಕು ಅನ್ನುವವರ ಮಾತು ಕೇಳಬೇಡಿ. ಅದು ನೂರು ಡಿಗ್ರಿಯ ಸಾಕ್ಷಿ, ಕೆಂಪು ಲಾಕ್‌ಟೈಟ್ ಆ ಬಿಸಿಯಲ್ಲಿ ಆರಾಮಾಗಿ ಕೂತಿರುತ್ತದೆ. ಸೋಲ್ಡರ್ ತಂತಿ ಮುಟ್ಟಿಸಿ ನೋಡಿ. ಸೀಸ ಬೆರೆತ ಮಾಮೂಲಿ 60/40 ತಂತಿ 190ರ ಆಸುಪಾಸಿನಲ್ಲಿ ಕರಗುತ್ತದೆ, ಸೀಸವಿಲ್ಲದ್ದು 220 ದಾಟಿದ ಮೇಲೆ. ಎರಡನೆಯದು ಬೋಲ್ಟಿನ ತಲೆಯ ಮೇಲೆ ಕರಗಿತೆಂದರೆ ಇನ್ನೊಂದು ನಿಮಿಷ ಕಾಯಿಸಿ ಕೀ ಹಾಕಬಹುದು.

ಕೀ ಹಾಕುವುದರಲ್ಲೂ ಒಂದು ಕ್ರಮವಿದೆ. ಮೊದಲು ಗುಳಿಯೊಳಗಿನ ಮಣ್ಣು, ಕರಗಿದ ಸೋಲ್ಡರ್ ಕೆರೆದು ತೆಗೆಯಬೇಕು. ತಟ್ಟೆ ತಲೆಯ ಎಂ8 ಬೋಲ್ಟಿಗೆ 5 ಮಿ.ಮೀ. ಕೀ, ಗುಂಡುಕಟ್ಟಾದ ಎತ್ತರದ ತಲೆಗೆ 6. ತಟ್ಟೆ ತಲೆಯ ಗುಳಿ ಆಳವಿಲ್ಲ, ಮೊದಲು ಸವೆಯುವುದೂ ಅದೇ. ತುದಿ ಉಂಡೆಯಾಗಿರುವ ಬಾಲ್ ಎಂಡ್ ಕೀ ಇಲ್ಲಿ ಕೂಡದು, ಅದು ಓರೆಯಲ್ಲಿ ತಿರುಗಿಸಲು ಇರುವುದು. ನೇರ ಬಿಟ್ ಇಟ್ಟು ಸುತ್ತಿಗೆಯಲ್ಲಿ ಎರಡು ಏಟು ಹಾಕಿ ಕೂರಿಸಿ, ಒತ್ತಿ ಹಿಡಿದು, ಉದ್ದ ಹಿಡಿಯಲ್ಲಿ ಒಂದೇ ಸಮ ತಿರುಗಿಸಬೇಕು. ‘ಕಟ್’ ಎಂದ ಮೇಲೂ ಸುಲಭವಾಗಿ ಬರುವುದಿಲ್ಲ, ಕೊನೆಯ ಸುತ್ತಿನವರೆಗೂ ಬಿಗಿಯಾಗಿಯೇ ಬರುತ್ತದೆ. ಮಧ್ಯದಲ್ಲಿ ಹಿಡಿತ ಜಾಸ್ತಿಯಾದರೆ ಜೋರು ಮಾಡದೆ ಮತ್ತೆ ಕಾಯಿಸಿ. ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ಸಿಗುತ್ತದೆ. ಏಟು ಬಿದ್ದಾಗಲೇ ತಿರುಗುವುದರಿಂದ ಬಿಟ್ ಜಾರುವುದು ಕಡಿಮೆ.

ಗುಳಿ ದುಂಡಗಾಗಿಬಿಟ್ಟಿದ್ದರೆ ಸ್ವಲ್ಪ ದೊಡ್ಡ ಟಾರ್ಕ್ಸ್ ಬಿಟ್ಟನ್ನು (ನಕ್ಷತ್ರದ ಆಕಾರದ ತುದಿಯದು) ಸುತ್ತಿಗೆಯಲ್ಲಿ ಬಡಿದು ಕೂರಿಸಿ. ಅದೂ ಸೋತರೆ ತಲೆಯ ಮೇಲೆ ಒಂದು ನಟ್ಟನ್ನು ವೆಲ್ಡಿಂಗ್ ಮಾಡಿಸಿ. ವೆಲ್ಡಿಂಗ್ ಬಿಸಿಗೆ ಅಂಟು ಮೆತ್ತಗಾಗುತ್ತದೆ, ಹಿಡಿಯಲು ಹೊಸ ಆರು ಮೂಲೆ ಸಿಗುತ್ತದೆ. ವೆಲ್ಡರ್ ಹತ್ತಿರದಲ್ಲಿಲ್ಲದಿದ್ದರೆ ತಲೆಯನ್ನು ಡ್ರಿಲ್ ಮಾಡಿ ಹಾರಿಸಿ ಡಿಸ್ಕ್ ಎತ್ತಿದರೆ ಉಳಿದ ಮೊಂಡು ನಾಲ್ಕೈದು ಮಿ.ಮೀ. ಮೇಲೆ ನಿಂತಿರುತ್ತದೆ, ಅದನ್ನು ಕಾಯಿಸಿ, ಕಚ್ಚಿದರೆ ಬಿಡದ ವೈಸ್ ಗ್ರಿಪ್ ಇಕ್ಕಳದಲ್ಲಿ ಹಿಡಿದು ತಿರುಗಿಸಬಹುದು. ಬೋಲ್ಟಿನಲ್ಲಿ ತೂತು ಕೊರೆದು ಉಲ್ಟಾ ತಿರುಗಿಸಿ ಹೊರಗೆಳೆಯುವ ಈಜಿ ಔಟ್ ಮಾತ್ರ ನನ್ನ ಮತ ಕೇಳಿದರೆ ಬೇಡ. ಅದು ಒಳಗೇ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ.

ಹಿಂದೆ ಈ ಕಾಟ ಇರಲಿಲ್ಲ, ಇದ್ದದ್ದು ಇದರ ತದ್ವಿರುದ್ಧ ಕಾಟ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯ ಕಾಲದಲ್ಲಿ ಸ್ಪ್ರಿಂಗ್ ವಾಷರ್, ಸ್ಪ್ಲಿಟ್ ಪಿನ್‌ಗಳ ಭರವಸೆಯಲ್ಲೇ ಗಾಡಿ ಓಡಿಸಿ, ಭಾನುವಾರ ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಒಂದು ಸುತ್ತು ಎಲ್ಲ ನಟ್ಟುಗಳನ್ನು ಬಿಗಿ ಮಾಡುತ್ತಿದ್ದರು. 1969ರಲ್ಲಿ ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರ್ ಬೋಲ್ಟನ್ನು ಮುಖ್ಯವಾಗಿ ಸಡಿಲಿಸುವುದು ಅಡ್ಡಡ್ಡ ಕಂಪನ ಎಂದು ತೋರಿಸಿದ. ಅವನ ಹೆಸರಿನ ಪರೀಕ್ಷೆಯಲ್ಲಿ ನಮ್ಮ ಸ್ಪ್ರಿಂಗ್ ವಾಷರ್ ಹೀನಾಯವಾಗಿ ಫೇಲಾಗುತ್ತದೆ. ವಿಜ್ಞಾನ ಸರಿ. ಆದರೂ ಆ ಭಾನುವಾರಗಳಲ್ಲಿ ಗಾಡಿಯ ಪ್ರತಿ ನಟ್ಟಿಗೂ ವಾರಕ್ಕೊಮ್ಮೆ ಮನುಷ್ಯರ ಕೈ ತಾಗುತ್ತಿತ್ತು, ಎಲ್ಲಿ ಏನು ಬಿಟ್ಟಿದೆ ಅನ್ನುವುದು ಸವಾರನಿಗೆ ಗೊತ್ತಿರುತ್ತಿತ್ತು.

ವಾಪಸು ಹಾಕುವಾಗ ಹಳೇ ಬೋಲ್ಟನ್ನು ಉಳಿಸುವ ಜಿಪುಣತನ ಬೇಡ, ಹೊಸದನ್ನೇ ಹಾಕಿ. ಹೊಸ ಬೋಲ್ಟಿನ ಮೇಲೆ ಮೊದಲೇ ಬಣ್ಣದ ಪಟ್ಟಿ ಇದ್ದರೆ ಅದೇ ಅಂಟು, ಮೇಲೆ ಮತ್ತೆ ಹಚ್ಚಬೇಕಿಲ್ಲ. ಚಕ್ರದ ತೂತುಗಳಲ್ಲಿ ಉಳಿದ ಪುಡಿಯನ್ನು ಹಳೇ ಬೋಲ್ಟಿಗೆ ಉದ್ದಕ್ಕೆ ಗರಗಸದ ಗೀರು ಹಾಕಿ ಒಳಗೆ ಓಡಾಡಿಸಿ ತೆಗೆಯಬಹುದು; ಥ್ರೆಡ್ ಕೊರೆಯುವ ಹೊಸ ಟ್ಯಾಪ್ ಹಾಕಿದರೆ ಒಳ್ಳೆಯ ಥ್ರೆಡ್ಡನ್ನೂ ಕತ್ತರಿಸೀತು. ಗಾಳಿ ಹೊಡೆದು, ಅಸಿಟೋನ್‌ನಲ್ಲಿ ಒರೆಸಿ ಒಣಗಿಸಿ. ಎಣ್ಣೆ ಇದ್ದರೆ ಹಿಡಿತ ಅರೆಬರೆ. ತೂತು ತಳ ಮುಚ್ಚಿದ್ದಾದರೆ ನೀಲಿಯ ಹನಿ ತೂತಿನೊಳಗೆ ಬಿಡಿ. ಬೋಲ್ಟಿಗೆ ಹಚ್ಚಿ ತಿರುಗಿಸಿದರೆ ಒಳಗೆ ಸಿಕ್ಕಿದ ಗಾಳಿ ಅದನ್ನು ಮೇಲಕ್ಕೆ ತಳ್ಳಿಬಿಡುತ್ತದೆ. ಎದುರುಬದಿರಾಗಿ ಬಿಗಿ ಮಾಡಿ, ಟಾರ್ಕ್ (ಬಿಗಿಯುವ ಬಲ) ಎಷ್ಟೆಂದು ನಿಮ್ಮ ಬೈಕಿನ ಮ್ಯಾನುಯಲ್ ನೋಡಿ. ಡಿಸ್ಕಿಗೆ ತಾಗಿದ ಅಂಟನ್ನು ಒರೆಸಿ. ಓಡಿಸುವ ಮುನ್ನ ನಿಂತಲ್ಲೇ ಬ್ರೇಕ್ ಲಿವರ್ ಗಟ್ಟಿಯಾಗುವವರೆಗೆ ಒತ್ತಿ, ಇಲ್ಲದಿದ್ದರೆ ಮೊದಲ ಸಿಗ್ನಲ್ಲಿನಲ್ಲಿ ಬ್ರೇಕ್ ಇರುವುದಿಲ್ಲ.

ಮತ್ತೆ, ಡಿಸ್ಕ್ ಬಿಟ್ಟು ಬೇರೆಲ್ಲೋ ಇಷ್ಟೆಲ್ಲ ಕಾಯಿಸಿ, ಬಡಿದು, ಬೆವರು ಸುರಿಸಿದರೂ ಬೋಲ್ಟ್ ಬರುತ್ತಿಲ್ಲ, ಬದಲಿಗೆ ಇನ್ನೂ ಬಿಗಿಯಾಗುತ್ತಿದೆ ಅನ್ನಿಸಿದರೆ ಒಂದು ಕ್ಷಣ ನಿಲ್ಲಿ. ಸೈಕಲ್ಲಿನ ಎಡ ಪೆಡಲ್, ಕೆಲವು ಯಮಹಾ ಬೈಕುಗಳ ಬಲಗನ್ನಡಿ, ಇವುಗಳ ಥ್ರೆಡ್ ಉಲ್ಟಾ. ಅವನ್ನು ಬಿಚ್ಚಬೇಕಾದರೆ ಬಲಕ್ಕೆ ತಿರುಗಿಸಬೇಕು.